ಮೋಟಾರ್ ಎತ್ತುವ ಮೊದಲು ಬ್ಯಾಟರಿ ಕಟ್ಟಿ ನೋಡಿದೆ: ನನ್ನ ಅನುಭವ

ಶಿರಾ ಕಡೆ ಬೋರ್‌ವೆಲ್ ಕೆಲಸ ಮಾಡುವ ನಮಗೆಲ್ಲ ಒಂದು ಅಭ್ಯಾಸ ಇದೆ. ರೈತರು ಫೋನ್ ಮಾಡಿ "ರಿಲೇ ಟ್ರಿಪ್ ಆಗ್ತಿದೆ" (ಕರೆಂಟ್ ಜಾಸ್ತಿಯಾಗಿ ಸ್ಟಾರ್ಟರ್ ತಾನೇ ಮೋಟಾರ್ ನಿಲ್ಲಿಸ್ತಿದೆ) ಅಂದರೆ ಸಾಕು, "ಮೋಟಾರ್ ಎತ್ತಿಬಿಡೋಣ" ಅಂತೀವಿ. ನಾನೂ ಹನ್ನೆರಡು ವರ್ಷ ಹಾಗೇ ಮಾಡಿದೆ.

ಹೋದ ವರ್ಷ ಒಂದು ಅಡಿಕೆ ತೋಟದಲ್ಲಿ ಅದಕ್ಕೆ ಪೆಟ್ಟು ತಿಂದೆ. ಮಲ್ಟಿಮೀಟರ್‌ನಲ್ಲಿ ಮೂರು ಫೇಸ್ ನೋಡಿದರೆ ಒಂದೊಂದು ಸಲ ಒಂದೊಂದು ಓಮ್ಸ್ (ಕರೆಂಟಿಗೆ ವೈರ್ ಒಡ್ಡುವ ಅಡ್ಡಿಯ ಅಳತೆ). ವೈಂಡಿಂಗ್ (ಮೋಟಾರಿನೊಳಗಿನ ತಾಮ್ರದ ಸುತ್ತು) ಹೋಗಿದೆ ಅಂತ 700 ಅಡಿಯಿಂದ ಎತ್ತಿಸಿದೆ. ಅಂಗಡಿಗೆ ತಂದು ಬಿಚ್ಚಿದರೆ ವೈಂಡಿಂಗ್ ಹೊಸದರಂತೆ ಇತ್ತು. ಎತ್ತಿದ್ದು, ಇಳಿಸಿದ್ದು ಸೇರಿ ಒಂಬತ್ತು ಸಾವಿರದ ಹತ್ತಿರ. ಆ ದುಡ್ಡು ನಾನೇ ಕೊಟ್ಟೆ.

ಮೀಟರ್ ತಪ್ಪು ಅಲ್ಲ. ಅದರ ವೈರ್‌ಗಳೇ 0.3, 0.4 ಓಮ್ಸ್ ತೋರಿಸುತ್ತವೆ. ನಾವು ಹುಡುಕುವ ದೋಷವೂ ಅಷ್ಟೇ ಇರುತ್ತದೆ. ಅಲ್ಲಿಂದ ಓಮ್ಸ್ ರೇಂಜ್ ನಂಬೋದು ಬಿಟ್ಟೆ. ಕರೆಂಟ್ ಹರಿಸಬೇಕು, ವೋಲ್ಟ್ ಅಳೆಯಬೇಕು, ಭಾಗಿಸಬೇಕು. ಅಷ್ಟೇ.

12 ವೋಲ್ಟ್ ಬ್ಯಾಟರಿ, ಸೀರೀಸ್‌ನಲ್ಲಿ ಒಂದು 60 ವ್ಯಾಟ್ ಹೆಡ್‌ಲೈಟ್ ಬಲ್ಬ್, ಆಂಪ್ಸ್ ನೋಡೋಕೆ ಒಂದು ಮೀಟರ್, ವೋಲ್ಟ್ ನೋಡೋಕೆ ಇನ್ನೊಂದು. ಬಲ್ಬ್ ಇದ್ದರೆ ಎಲ್ಲಾದರೂ ಶಾರ್ಟ್ ಆದರೂ 5 ಆಂಪ್ಸ್‌ಗಿಂತ ಅಷ್ಟೇನೂ ಮೇಲೆ ಹೋಗಲ್ಲ. ಸ್ಟಾರ್ಟರ್‌ನಿಂದ ಮೂರೂ ವೈರ್ ಬಿಚ್ಚಿ, ಎರಡೆರಡಕ್ಕೆ ಕಟ್ಟಿ ನೋಡುವುದು.

ಸರಿಯಾಗಿ ಬರೋಕೆ ಎರಡು ತಿಂಗಳು ಹಿಡಿಯಿತು. ಮೊದಲ ದಿನ ಕ್ಲ್ಯಾಂಪ್ ಮೀಟರ್ ಹಾಕಿದರೆ ಸೊನ್ನೆ. ನನ್ನದು ಬರೀ ಎಸಿ ಓದುವ ಮೀಟರ್. ಆಮೇಲೆ ಮಲ್ಟಿಮೀಟರ್‌ನ 10 ಆಂಪ್ಸ್ ತೂತಿಗೆ ಹಾಕಿ ಕೆಲಸ ಶುರು ಮಾಡಿದೆ. ಒಂದು ಸಂಜೆ ವೈರ್ ಅದೇ ತೂತಿನಲ್ಲಿ ಬಿಟ್ಟು ಬ್ಯಾಟರಿ ವೋಲ್ಟ್ ನೋಡೋಕೆ ಹೋದೆ. ಟಪ್ ಅಂತ ಕಿಡಿ, ಮೀಟರಿನ ಕಡ್ಡಿಯ (ಪ್ರೋಬ್) ತುದಿಯೇ ಕರಗಿತು. 1,200 ರೂಪಾಯಿ ಮೀಟರ್ ಹೋಯಿತು. ಇನ್ನೊಂದು ಸಲ ಮೊದಲು ಬ್ಯಾಟರಿ ಕ್ಲಿಪ್ ಕಿತ್ತೆ. ವೈಂಡಿಂಗ್‌ನಿಂದ ತಿರುಗಿ ಹೊಡೆದ ವೋಲ್ಟಿಗೆ ಇನ್ನೊಂದು ಮೀಟರ್ ಸತ್ತಿತು. ಈಗ ವೋಲ್ಟ್ ಕಡ್ಡಿ ಮೊದಲು ತೆಗೆಯುತ್ತೇನೆ, ಆಮೇಲೆ ಕ್ಲಿಪ್.

ಎಲ್ಲಕ್ಕಿಂತ ಜಾಸ್ತಿ ದಾರಿ ತಪ್ಪಿಸಿದ್ದು ಕ್ಲಿಪ್ ಮೇಲೇ ವೋಲ್ಟ್ ಹಿಡಿದದ್ದು. ಹಾಗೆ ಹಿಡಿದರೆ ಕ್ಲಿಪ್ಪಿನ ತುಕ್ಕೂ ಲೆಕ್ಕಕ್ಕೆ ಸೇರುತ್ತದೆ. ಕಡ್ಡಿಯನ್ನು ಕ್ಲಿಪ್ ದಾಟಿ ಬರಿ ತಾಮ್ರಕ್ಕೆ ಒತ್ತಿದ ಮೇಲೆ ಓದು ಕದಲಲಿಲ್ಲ. ಮೋಟಾರ್ ಆಗ ತಾನೇ ನಿಂತಿದ್ದರೆ ಕಾಯಬೇಕು. ಬಿಸಿ 25 ಡಿಗ್ರಿ ಏರಿದರೆ ತಾಮ್ರದ ಓಮ್ಸ್ ಹತ್ತಿರ ಹತ್ತಿರ 10 ಪರ್ಸೆಂಟ್ ಏರುತ್ತದೆ.

ಹೀಗೆ ಅಳೆದ ಒಂದು ಮೋಟಾರ್ 5 ಓಮ್ಸ್ ತೋರಿಸಿತು ಅಂದಾಗ ನಮ್ಮ ಪಕ್ಕದ ಅಂಗಡಿಯ ಹಿರಿಯ ಮೇಸ್ತ್ರಿ ನಕ್ಕರು. "415 ವೋಲ್ಟ್, 15 ಆಂಪ್ಸ್. ಭಾಗಿಸಿದ್ರೆ 28ರ ಹತ್ತಿರ ಬರ್ತದೆ. ನಿನ್ನ 5 ಎಲ್ಲಿಂದ ಬಂತೋ? ಬ್ಯಾಟರಿ ಇಟ್ಕೊಂಡು ಕಣಿ ಹೇಳ್ತೀಯಾ?" ನಾನಂದೆ, "ಅಣ್ಣ, ಅದು ಓಡೋ ಮೋಟಾರ್ ಲೆಕ್ಕ. ಅಲ್ಲಿ ಸುತ್ತಿನ ಕಾಂತವೂ ಕರೆಂಟಿಗೆ ಅಡ್ಡ ನಿಲ್ತದೆ. ಡಿಸಿ ಕೊಟ್ರೆ ಬರೀ ತಾಮ್ರದ್ದು ಸಿಗ್ತದೆ." ಅವರು ಒಪ್ಪಲಿಲ್ಲ.

ಈ ಬೇಸಿಗೆಯಲ್ಲಿ ಒಬ್ಬ ಯಜಮಾನರು ಕರೆದರು. 7.5 ಎಚ್‌ಪಿ, 800 ಅಡಿ, 4 ಸ್ಕ್ವೇರ್ (ಚದರ ಮಿ.ಮೀ. ದಪ್ಪದ) ಕೇಬಲ್. ಮೂರು ವೈರಿನ ಕರೆಂಟ್ 16, 17, 13 ಆಂಪ್ಸ್. ಮೂರು ವೈರ್ ಸರದಿ ಬದಲಿಸಿದರೂ ಆ 13 ಅದೇ ಮೋಟಾರ್ ವೈರಿನ ಹಿಂದೆಯೇ ಬಂತು. ಅಂದಮೇಲೆ ಲೈನಿನ ದೋಷ ಅಲ್ಲ. ಬೇರೆಯವರು ಆಗಲೇ ರಿವೈಂಡಿಂಗ್ ಅಂದುಬಿಟ್ಟಿದ್ದರು. ಎತ್ತುವುದು, ಸುತ್ತುವುದು ಸೇರಿ ಹದಿನಾರು, ಹದಿನೇಳು ಸಾವಿರ.

ಅಷ್ಟರಲ್ಲಿ ತ್ರೀಫೇಸ್ ಹೋಯಿತು. ನನ್ನ ಕೆಲಸಕ್ಕೆ ಅದು ಬೇಕಾಗಿರಲಿಲ್ಲ, ಟ್ರ್ಯಾಕ್ಟರ್ ಬ್ಯಾಟರಿ ಸಾಕಿತ್ತು. ಮೂರು ವೈರಿಗೆ ಆರ್, ವೈ, ಬಿ ಅಂತ ಹೆಸರು. ಆರ್-ವೈ ನಡುವೆ 10 ವೋಲ್ಟ್, 2 ಆಂಪ್ಸ್: 5 ಓಮ್ಸ್. ವೈ-ಬಿ ನಡುವೆ 10.4 ವೋಲ್ಟ್, 1.75 ಆಂಪ್ಸ್: 5.9. ಬಿ-ಆರ್ ಕೂಡ 5.9. ಎರಡರಲ್ಲೂ ಬಿ ಇದೆ. ಆ ಒಂದು ಎಳೆಯಲ್ಲಿ 0.9 ಓಮ್ಸ್ ಜಾಸ್ತಿ. 13ನ್ನು 13ರಿಂದ ಗುಣಿಸಿ 0.9ರಿಂದ ಗುಣಿಸಿದರೆ 150 ವ್ಯಾಟ್. ಹೆಬ್ಬೆರಳಿನಷ್ಟು ಜಾಗದಲ್ಲಿ ಅಷ್ಟು ಬಿಸಿ.

"ಯಜಮಾನ್ರೆ, ಕೇಬಲ್‌ಗೆ ಎಲ್ಲಾದ್ರೂ ಜಾಯಿಂಟ್ ಹಾಕಿದ್ರಾ?" ಅಂದೆ. ಎರಡು ವರ್ಷದ ಹಿಂದೆ ನೀರು ಕೆಳಗೆ ಹೋದಾಗ ಮೋಟಾರ್ ಇಳಿಸಿ ಕೇಬಲ್ ಸೇರಿಸಿದ್ದರಂತೆ. ದೋಷ ಆ ಜಾಯಿಂಟ್‌ನಲ್ಲೋ ಅಥವಾ ಮೋಟಾರ್ ತಲೆಯಲ್ಲೋ ಅಂತ ಮೇಲಿಂದಲೇ ಗುರುತಿಸುವ ಒಂದು ಉಪಾಯ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯಲ್ಲ, ನನ್ನ ಅಂಗಡಿ ನಡೆಯೋದು ಅದರಿಂದ.

ದೋಷ ಜಾಯಿಂಟ್‌ನಲ್ಲೇ ಅಂತ ಗೊತ್ತಾಯಿತು. 40 ಪೈಪ್ ಎತ್ತಬೇಕಿದ್ದ ಕಡೆ 14 ಎತ್ತಿದೆವು. ಟೇಪ್ ಸುಲಿದರೆ ಬಿ ವೈರಿನ ತಾಮ್ರ ಹಸಿರು ಕಿಲುಬು ಹಿಡಿದಿತ್ತು. ಅದರ ಸಣ್ಣ ತಂತಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪಾಗಿ ತುಂಡಾಗಿದ್ದವು. ಉಗುರಿನಲ್ಲಿ ಕೆರೆದರೆ ಪುಡಿ ಉದುರಿತು. ಹೊಸ ಜಾಯಿಂಟ್ ಹಾಕಿದ ಮೇಲೆ 5.0, 5.0, 5.1. ಸಂಜೆ ತ್ರೀಫೇಸ್ ಬಂದಾಗ ಕರೆಂಟ್ 15, 15, 14. ಒಟ್ಟು ಖರ್ಚು ನಾಲ್ಕೂವರೆ ಸಾವಿರ. ಹಿರಿಯ ಮೇಸ್ತ್ರಿ ಅಲ್ಲೇ ನಿಂತಿದ್ದರು.

ಬಲ್ಬಿನ ಮೇಲೂ ಒಂದು ದಿನ ಸುಮ್ನೆ ಪ್ರಯೋಗ ಮಾಡಿದೆ. ತಣ್ಣಗಿದ್ದಾಗ ಅರ್ಧ ಓಮ್ಸ್ ಕೂಡ ಇಲ್ಲ. ಉರಿಯುವಾಗ 12 ವೋಲ್ಟಿಗೆ 5 ಆಂಪ್ಸ್, ಅಂದರೆ 2.4. ಎಷ್ಟೋ ಪಟ್ಟು ಜಾಸ್ತಿ! ಹಾಗಾಗಿ ಬಲ್ಬಿನ ಲೆಕ್ಕದಿಂದ ಕರೆಂಟ್ ಊಹಿಸಬೇಡಿ, ಪ್ರತಿ ಸಲ ಅಳೆಯಿರಿ.

ಆ ಯಜಮಾನರ ಕೇಬಲ್ ಲೆಕ್ಕವನ್ನೂ ಹಾಕಿದೆ. 800 ಅಡಿಗೆ ಒಂದು ಎಳೆ 1.2 ಓಮ್ಸ್. 15 ಆಂಪ್ಸ್‌ಗೆ ಮೂರು ಎಳೆ ಸೇರಿ 800 ವ್ಯಾಟ್ ಕೇಬಲ್‌ನಲ್ಲೇ ಹೋಗುತ್ತದೆ. ವೋಲ್ಟ್ 31 ಇಳಿಯುತ್ತದೆ. 6 ಸ್ಕ್ವೇರ್ ಹಾಕಿದ್ದರೆ 21. 10 ಎಚ್‌ಪಿವರೆಗೆ ಪಂಪ್‌ಸೆಟ್ ಕರೆಂಟ್ ಉಚಿತ ಅಂತ ಯಾರೂ ಇದನ್ನು ನೋಡಲ್ಲ. ಆದರೆ ಲೈನ್ ಕೊನೆಯಲ್ಲಿ 370 ಬರುವ ಊರಲ್ಲಿ ಮೋಟಾರ್‌ಗೆ ಸಿಗೋದು 340. ಸುಡದೆ ಇನ್ನೇನಾಗ್ತದೆ?

ಈಗ ಹೊಸ ಮೋಟಾರ್ ಇಳಿಸಿದ ದಿನವೇ ಮೂರೂ ಓಮ್ಸ್ ಅಳೆದು, ತಾರೀಕಿನ ಜೊತೆ ಸ್ಟಾರ್ಟರ್ ಬಾಗಿಲ ಒಳಗೆ ಮಾರ್ಕರ್‌ನಲ್ಲಿ ಬರೆದು ಬರುತ್ತೇನೆ.