ಪ್ರನಾಳಕ್ಕೆ ಒಗ್ಗದ ಇರುವೆಗಳು: ನನ್ನ ಅನುಭವ

ಇರುವೆ ಸಾಕಲು ಹೊರಟವರು ಮೊದಲು ಕಲಿಯುವುದು ಪ್ರನಾಳದ ವಿಧಾನವನ್ನು. ಸುಮಾರು 15 ಸೆಂಟಿಮೀಟರ್ ಉದ್ದದ ಗಾಜಿನ ಪ್ರನಾಳದ ಮೂರನೆಯ ಒಂದು ಭಾಗಕ್ಕೆ ನೀರು ತುಂಬಿ, ಅದು ಸೋರದಂತೆ ಹತ್ತಿಯ ಬಿರಡೆಯನ್ನು ಒತ್ತಿ, ಮಿಲನದ ಹಾರಾಟ ಮುಗಿಸಿ ರೆಕ್ಕೆ ಕಳಚಿಕೊಂಡ ರಾಣಿಯನ್ನು ಉಳಿದ ಜಾಗಕ್ಕೆ ಬಿಟ್ಟು, ಬಾಯಿಗೆ ಇನ್ನೊಂದು ಹತ್ತಿಯುಂಡೆ ತುರುಕಿ ಕತ್ತಲೆಯಲ್ಲಿಟ್ಟರೆ ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ 2016ರ ಮುಂಗಾರಿನ ಆರಂಭದಲ್ಲಿ ನಾನು ಹೀಗೆ ಇಟ್ಟದ್ದು ಒಂದು ಗೊದ್ದದ ರಾಣಿಯನ್ನು. ವಿಜ್ಞಾನಿಗಳು ಕ್ಯಾಂಪೊನೋಟಸ್ ಕಂಪ್ರೆಸಸ್ ಎಂದು ಕರೆಯುವ, ಬೆಲ್ಲದ ಡಬ್ಬಿಯನ್ನು ಎಲ್ಲಿಟ್ಟರೂ ಹುಡುಕಿಕೊಂಡು ಬರುವ ದೊಡ್ಡ ಕಪ್ಪಿರುವೆ ಇದು. ಆ ರಾಣಿ ಹೊರಗಿನ ಆಹಾರದ ಒಂದು ತುಣುಕನ್ನೂ ಮುಟ್ಟದೆ, ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನೂ ಮೈಯೊಳಗಿನ ಕೊಬ್ಬನ್ನೂ ಕರಗಿಸಿಕೊಂಡು ಮರಿಗಳಿಗೆ ಉಣಿಸಿ, ಸುಮಾರು ಒಂದೂವರೆ ತಿಂಗಳಲ್ಲಿ ಐದು ಪುಟ್ಟ ಕೆಲಸಗಾರ ಇರುವೆಗಳನ್ನು ಬೆಳೆಸಿತು. ಇರುವೆ ಸಾಕುವುದು ಇಷ್ಟೇ ಎಂದು ನಾನು ತಿಳಿದದ್ದು ಆಗ, ಮತ್ತು ಮುಂದಿನ ಕೆಲವು ವರ್ಷಗಳಲ್ಲಿ ನನ್ನ ಕೈಯಲ್ಲಿ ಸತ್ತ ಇರುವೆಗಳಲ್ಲಿ ಹೆಚ್ಚಿನವು ಸತ್ತದ್ದು ಆ ತಿಳಿವಳಿಕೆಯಿಂದಲೇ.

ಮೊದಲು ಸೋತದ್ದು ಜಿಗಿಯುವ ಇರುವೆಯ ಮುಂದೆ. ಕಾನಿನ ಅಂಚಿನ ಜಂಬಿಟ್ಟಿಗೆ ನೆಲದಲ್ಲಿ, ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ಒಂಟಿಯಾಗಿ ಬೇಟೆಗೆ ಹೊರಡುವ ಇರುವೆ ಇದು. ತಲೆಯ ಎರಡೂ ಬದಿಗೆ ಉಬ್ಬಿ ನಿಂತ ದೊಡ್ಡ ಕಣ್ಣುಗಳು, ಮುಂದಕ್ಕೆ ಚಾಚಿ ತುದಿಯಲ್ಲಿ ಮೇಲಕ್ಕೆ ಬಾಗಿದ ಉದ್ದನೆಯ ದವಡೆಗಳು, ಗಾಬರಿಯಾದಾಗ ಹಲವು ಸೆಂಟಿಮೀಟರ್ ದೂರ ನೆಗೆಯುವ ಕಾಲುಗಳು. ಇದನ್ನು ಒಮ್ಮೆ ನೋಡಿದವರು ಮರೆಯಲಾರರು. ಮದ್ರಾಸ್ ಸೇನೆಯಲ್ಲಿ ವೈದ್ಯನಾಗಿದ್ದ ಥಾಮಸ್ ಜೆರ್ಡನ್ ದಕ್ಷಿಣ ಭಾರತದ ಇರುವೆಗಳ ಪಟ್ಟಿ ಮಾಡುವಾಗ 1851ರಲ್ಲಿ ಇದನ್ನು ವಿವರಿಸಿದ. ಇಂದಿನ ಹೆಸರು ಹಾರ್ಪೆಗ್ನಥೋಸ್ ಸಾಲ್ಟೇಟರ್. ಇದರ ಒಂದು ರಾಣಿ ಸಿಕ್ಕಿದ ಸಂಭ್ರಮದಲ್ಲಿ ಗೊದ್ದಕ್ಕೆ ಮಾಡಿದ್ದನ್ನೇ ಇದಕ್ಕೂ ಮಾಡಿ, ಪ್ರನಾಳವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಹತ್ತನೆಯ ದಿನ ನೋಡಿದಾಗ ಆರು ಮೊಟ್ಟೆಗಳಿದ್ದವು. ಹದಿನೇಳನೆಯ ದಿನ ಒಂದೂ ಇರಲಿಲ್ಲ, ಏಕೆಂದರೆ ರಾಣಿಯೇ ಅವನ್ನು ತಿಂದಿತ್ತು. ಮೂರು ವಾರ ತುಂಬುವಷ್ಟರಲ್ಲಿ ಅದೂ ಹತ್ತಿಯ ಬಿರಡೆಗೆ ದವಡೆ ತಾಗಿಸಿಕೊಂಡೇ ಸತ್ತಿತ್ತು. ಹೊರಗೆ ಹೋಗಲು ಅದು ಹತ್ತಿಯನ್ನು ಎಳೆಎಳೆಯಾಗಿ ಹಿಂಜಿದ್ದ ಗುರುತು ಅಲ್ಲಿ ಉಳಿದಿತ್ತು. ಆ ಹತ್ತಿಯ ಎಳೆಗಳನ್ನು ನಾನು ಇಂದಿಗೂ ಮರೆತಿಲ್ಲ.

ಆಮೇಲೆ ಓದಿ ತಿಳಿದುಕೊಂಡದ್ದು ಇಷ್ಟು. ಗೊದ್ದದ ರಾಣಿಯಂತೆ ಬಾಗಿಲು ಮುಚ್ಚಿಕೊಂಡು ಉಪವಾಸದಲ್ಲಿ ಸಂಸಾರ ಹೂಡುವಷ್ಟು ದಾಸ್ತಾನು ಈ ರಾಣಿಯ ಮೈಯಲ್ಲಿ ಇರುವುದಿಲ್ಲ. ಕೆಲಸಗಾರ ಇರುವೆಗಿಂತ ಅದು ಹೆಚ್ಚು ದೊಡ್ಡದೂ ಅಲ್ಲ. ಮೊದಲ ಮರಿಗಳು ದೊಡ್ಡವಾಗುವವರೆಗೆ ಅದು ಪದೇ ಪದೇ ಹೊರಗೆ ಬಂದು, ಬೇಟೆಯಾಡಿ, ಮರಳಿ ಮರಿಗಳ ಬಳಿಗೆ ಹೋಗಬೇಕು. ಅಂದರೆ ನಾನು ಅದಕ್ಕೆ ಮಾಡಿದ್ದು ಆರೈಕೆಯಾಗಿರಲಿಲ್ಲ, ಬಂಧನವಾಗಿತ್ತು.

2019ರಲ್ಲಿ, ಮಳೆ ಪೂರ್ತಿ ನಿಂತ ಮೇಲೆ, ನಮ್ಮದೇ ಸೊಪ್ಪಿನಬೆಟ್ಟದಲ್ಲಿ ಮನೆಗೆ ದಾರಿ ಅಗಲಿಸಲು ಕಡಿಯಬೇಕಾಗಿದ್ದ ದಂಡೆಯೊಂದರಲ್ಲಿ ಇದರ ಗೂಡು ಇರುವುದು ಕಂಡಿತು. ಜೆಸಿಬಿ ಬರುವ ಮುಂಚೆ ಅದನ್ನು ಕೈಯಾರೆ ಬಿಡಿಸಿಕೊಳ್ಳಲು ಎರಡು ಬೆಳಗ್ಗೆ ಹಿಡಿಯಿತು. ಆ ಗೂಡಿನ ಕಟ್ಟಡದ ಬಗ್ಗೆ ಬೆಂಗಳೂರಿನ ಇರುವೆ ತಜ್ಞ ಮುಸ್ತಾಕ್ ಅಲಿ ಹಾಗೂ ವಿದೇಶದ ಮೂವರು ವಿಜ್ಞಾನಿಗಳು 1994ರಲ್ಲಿ ಬರೆದದ್ದನ್ನು ಓದಿದ್ದೆನಾದರೂ, ಗುದ್ದಲಿ ಬದಿಗಿಟ್ಟು ಚಮಚದಲ್ಲಿ ಮಣ್ಣು ಕೆರೆಯುತ್ತಿದ್ದಾಗ ಕಂಡದ್ದು ಓದಿದ್ದಕ್ಕಿಂತ ಹೆಚ್ಚಿನದಾಗಿತ್ತು. ಮೇಲಿನ ಕೋಣೆಗೆ ಗಟ್ಟಿಯಾದ ಕಮಾನಿನ ಚಾವಣಿ, ಆ ಚಾವಣಿಗೂ ಸುತ್ತಲಿನ ಮಣ್ಣಿಗೂ ನಡುವೆ ಟೊಳ್ಳು ಜಾಗ. ಮಲೆನಾಡಿನ ಮಳೆಯ ನೀರು ಆ ಟೊಳ್ಳಿನಲ್ಲಿ ಇಳಿದುಹೋಗುತ್ತದೆ, ಮರಿಗಳಿರುವ ಕೋಣೆಗೆ ನುಗ್ಗುವುದಿಲ್ಲ. ಕೋಣೆಯ ಒಳಗೋಡೆಗೆ, ರೂಪ ಬದಲಿಸುವಾಗ ಮರಿಹುಳುಗಳು ತಮ್ಮ ಸುತ್ತ ಹೆಣೆದುಕೊಂಡಿದ್ದ ಹಳೆಯ ಕೋಶಗಳ ರೇಷ್ಮೆ ಚೂರುಗಳನ್ನು ಒತ್ತಿ ಅಂಟಿಸಿದ್ದವು. ಬೆರಳಿನಲ್ಲಿ ಸವರಿದರೆ ಅದು ಹಳೆಯ ಪುಸ್ತಕದ ಹಾಳೆಯಂತೆ ಒಣಗಿ ಬೆಚ್ಚಗಿತ್ತು. ಇನ್ನೂ ಕೆಳಗೆ ಕಸದ ಕೋಣೆ ಬೇರೆಯೇ ಇತ್ತು. ನಲವತ್ತಕ್ಕೆ ಸ್ವಲ್ಪ ಹೆಚ್ಚು ಕೆಲಸಗಾರ ಇರುವೆಗಳು, ಒಂದು ರಾಣಿ, ಒಂದಿಷ್ಟು ಮರಿಗಳು ಸಿಕ್ಕವು. ಸಾವಿರಗಟ್ಟಲೆ ಇರುವೆಗಳಿರುವ ಗೊದ್ದದ ಗೂಡಿಗೆ ಹೋಲಿಸಿದರೆ ಇದು ಪುಟ್ಟ ಸಂಸಾರವೆಂದು ಕಾಣುತ್ತದೆ, ಆದರೆ ಈ ಜಾತಿಯಲ್ಲಿ ಗೂಡುಗಳು ಇಷ್ಟೇ ಚಿಕ್ಕವು. ಆದ್ದರಿಂದಲೇ ಸಾಕುವವರ ಕೈಯಲ್ಲಿ ವಾರಕ್ಕೆ ಎರಡೆರಡು ಸತ್ತರೂ ಕೆಲವೇ ತಿಂಗಳಲ್ಲಿ ಗೂಡು ಬರಿದಾಗುತ್ತದೆ.

ಅವುಗಳಿಗೆ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯ ತಳದಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು, ಒಂದು ಕಡೆ ತಗ್ಗಾದ ಕೋಣೆ ಮಾಡಿ, ಮೇಲೆ ಗಾಜು ಮುಚ್ಚಿದೆ. ಪ್ಲಾಸ್ಟರು ನೀರು ಹೀರಿಕೊಂಡು ತೇವವನ್ನು ನಿಧಾನವಾಗಿ ಬಿಡುವುದರಿಂದ ದಿನಕ್ಕೊಮ್ಮೆ ಮೂಲೆಗೆ ಹನಿ ಹಾಕಿದರೆ ಸಾಕು. ಆಹಾರದ ವಿಷಯದಲ್ಲಿ ಮಾತ್ರ ಇವು ಯಾವ ರಾಜಿಗೂ ಬರಲಿಲ್ಲ. ಸಕ್ಕರೆ ನೀರನ್ನು ಮೂಸಿ ಬಿಟ್ಟವು. ಫ್ರೀಜರಿನಲ್ಲಿಟ್ಟು ಸಾಯಿಸಿದ ಮಿಡತೆಯನ್ನು ಗೊದ್ದ ಹಬ್ಬದೂಟದಂತೆ ಎಳೆದೊಯ್ದರೆ ಇವು ಕಸದ ಮೂಲೆಗೆ ಹಾಕಿದವು. ಇವುಗಳಿಗೆ ಬೇಕಾದದ್ದು ಅಲುಗಾಡುವ ಬೇಟೆ. ಅದನ್ನು ಕಣ್ಣಿನಿಂದ ಗುರುತಿಸಿ, ಹಿಡಿದು, ಕುಟುಕಿ, ಸಾಯದಂತೆ ನಿಶ್ಚಲಗೊಳಿಸಿ ಮರಿಗಳ ಬಳಿಗೆ ಒಯ್ಯುತ್ತವೆ. ಹಾಗೆ ಕುಟುಕಿಸಿಕೊಂಡ ಜಿರಲೆ ಮರಿ ಮರುದಿನವೂ ಕೆಡದೆ ಇರುತ್ತದೆ. ಪ್ರಯೋಗಾಲಯಗಳಲ್ಲಿ ಚಿಕ್ಕ ಗೂಡುಗಳಿಗೆ ದೊಡ್ಡ ಗೂಡಿನ ಇರುವೆಗಳಿಂದ ಮೊದಲೇ ಕುಟುಕಿಸಿದ ಹುಳುಗಳನ್ನು ಕೊಡುತ್ತಾರೆ. ನನ್ನ ಬಳಿ ಇದ್ದದ್ದು ಒಂದೇ ಗೂಡು. ಹೀಗಾಗಿ ಇರುವೆಗಳಿಗಾಗಿ ಜಿರಲೆಗಳನ್ನೂ ಸಾಕಬೇಕಾಯಿತು, ವಾರಕ್ಕೆ ಮೂರು ಸಲ ಇರುವೆಯ ಅರ್ಧದಷ್ಟಿರುವ ಮರಿಗಳನ್ನು ಆರಿಸಿ ಹಾಕಬೇಕಾಯಿತು. ದೊಡ್ಡ ಹುಳು ಹಾಕಿದ ದಿನ ಅದು ಒದ್ದು ಎರಡು ಇರುವೆಗಳ ಕಾಲು ಮುರಿದಿತ್ತು.

ಇದಾದ ಮೇಲೂ ಮರಿಗಳು ದೊಡ್ಡವಾಗುತ್ತಿದ್ದವೇ ಹೊರತು ಕೋಶಗಳಾಗುತ್ತಿರಲಿಲ್ಲ. ಕೊಬ್ಬಿದ ಮರಿಹುಳುಗಳು ಪ್ಲಾಸ್ಟರಿನ ಮೇಲೆ ಕತ್ತು ಆಡಿಸುತ್ತಾ ಬಾಯಿಂದ ರೇಷ್ಮೆ ಬಿಡುತ್ತಿದ್ದವು. ಆ ಎಳೆ ಎಲ್ಲಿಯೂ ಅಂಟಿಕೊಳ್ಳದೆ ನೆಲದ ಮೇಲೆ ಹರಡಿ, ಒಂದೆರಡು ದಿನದಲ್ಲಿ ಮರಿ ಕಪ್ಪಾಗಿ ಸಾಯುತ್ತಿತ್ತು. ಸುಮಾರು ಹದಿನೈದು ಮರಿಗಳನ್ನು ಹೀಗೆ ಕಳೆದುಕೊಂಡ ಮೇಲೆ ಕಾರಣ ಹೊಳೆಯಿತು. ಎಳೆ ಹೆಣೆಯಲು ಮರಿಗೆ ಸುತ್ತಲೂ ಆಸರೆ ಬೇಕು. ಗೂಡಿನಲ್ಲಿ ಅದನ್ನು ಮಣ್ಣಿನಿಂದ ಮುಚ್ಚುವುದು ಕೆಲಸಗಾರ ಇರುವೆಗಳು, ನನ್ನ ಪೆಟ್ಟಿಗೆಯಲ್ಲಿ ಮುಚ್ಚಲು ಏನೂ ಇರಲಿಲ್ಲ. ಮರಗೆಲಸದವರ ಕೊಟ್ಟಿಗೆಯಿಂದ ತಂದ ಮರದ ಹೊಟ್ಟನ್ನು ಜರಡಿ ಹಿಡಿದು, ಬಿಸಿ ಮಾಡಿ ಒಣಗಿಸಿ ಒಂದು ಹಿಡಿ ಹಾಕಿದ ಸಂಜೆಯೇ ಮೂರು ಇರುವೆಗಳು ಕಣಕಣವಾಗಿ ಹೊತ್ತು ತಂದು ಒಂದು ಮರಿಯನ್ನು ಪೂರ್ತಿ ಹೂತವು. ಮೂರನೆಯ ದಿನ ಹೊಟ್ಟನ್ನು ಬಿಡಿಸಿ ತೆಗೆದಾಗ ಒಳಗೆ ಕಂದು ಬಣ್ಣದ, ಭತ್ತದ ಕಾಳಿಗಿಂತ ಸ್ವಲ್ಪ ದಪ್ಪನೆಯ ಕೋಶವಿತ್ತು. ಈ ಇರುವೆಯನ್ನು ಸಾಕಲು ಯಾರಾದರೂ ಸಲಹೆ ಕೇಳಿದರೆ ನಾನು ಮೊದಲು ಹೇಳುವುದು ಮರದ ಹೊಟ್ಟಿನ ವಿಷಯವನ್ನೇ.

ಚಗಳಿಯ ಕಥೆ ಬೇರೆ. ಚಟ್ನಿಯ ನೆಪದಲ್ಲಾದರೂ ಮಲೆನಾಡಿನವರೆಲ್ಲರಿಗೂ ಪರಿಚಯವಿರುವ ಈ ಕೆಂಪಿರುವೆಯನ್ನು, ಅಂದರೆ ಈಕೋಫಿಲಾ ಸ್ಮರಾಗ್ಡಿನಾವನ್ನು, ಸಾಕುವುದು ಸುಲಭವೆಂದು ನಾನು ನಂಬಿದ್ದೆ. ಮಾವಿನ ಮರದಿಂದ ಒಂದು ಎಲೆಗೂಡನ್ನು ಚೀಲದಲ್ಲಿ ಇಳಿಸಿ ತಂದಾಗ ದೊಡ್ಡಪ್ಪ ಜಗಲಿಯಿಂದಲೇ, “ತಮಾ, ಅದು ಮರ ಬಿಟ್ಟು ಬದುಕ್ತಿಲ್ಲೆ” ಎಂದಿದ್ದರು. ಅವರ ಮಾತು ನಿಜವಾಯಿತು. ಒಂದು ಚಗಳಿ ಸಂಸಾರ ಹತ್ತಾರು ಎಲೆಗೂಡುಗಳಲ್ಲಿ, ಕೆಲವೊಮ್ಮೆ ಹಲವು ಮರಗಳಲ್ಲಿ ಹರಡಿಕೊಂಡಿರುತ್ತದೆ. ರಾಣಿ ಇರುವುದು ಅವುಗಳಲ್ಲಿ ಒಂದರಲ್ಲಿ ಮಾತ್ರ. ಉಳಿದ ಗೂಡುಗಳಿಗೆ ಕೆಲಸಗಾರ ಇರುವೆಗಳು ಮೊಟ್ಟೆ ಮರಿಗಳನ್ನು ಹೊತ್ತೊಯ್ಯುತ್ತವೆ. ನಾನು ತಂದದ್ದು ಅಂತಹ ಉಳಿದ ಗೂಡು. ಎರಡು ತಿಂಗಳಲ್ಲಿ ಅದು ಮುಗಿದುಹೋಯಿತು.

ಮುಂದಿನ ಮುಂಗಾರಿನ ಮೊದಲ ಮಳೆಗೆ, ರೆಕ್ಕೆ ಉದುರಿದ ಹಸಿರು ಛಾಯೆಯ ರಾಣಿಯೊಂದು ಮಡಚಿದ ಎಲೆಯಲ್ಲಿ ಕುಳಿತದ್ದು ಸಿಕ್ಕಿತು. ಅದು ಪ್ರನಾಳದಲ್ಲಿ ಗೊದ್ದದಂತೆಯೇ ಉಪವಾಸವಿದ್ದು, ಒಂದು ತಿಂಗಳಿನ ಆಸುಪಾಸಿನಲ್ಲಿ ಕೆಲಸಗಾರ ಇರುವೆಗಳನ್ನು ಕೊಟ್ಟಿತು. ತೊಂದರೆ ಶುರುವಾದದ್ದು ಅಲ್ಲಿಂದ. ಪ್ರನಾಳದಲ್ಲಿ ಉಳಿಯಲು ಅವು ಒಪ್ಪಲಿಲ್ಲ. ಕುಂಡದ ನಿಂಬೆ ಗಿಡವನ್ನು ನೀರಿನ ತಟ್ಟೆಯ ನಡುವೆ ಇಟ್ಟು ಪ್ರನಾಳವನ್ನು ಕೊಂಬೆಗೆ ಕಟ್ಟಿದ ಮೇಲೆ, ಒಂದು ಬೆಳಗ್ಗೆ ಎಂಟು ಇರುವೆಗಳು ಸಾಲಾಗಿ ಎಲೆಯಂಚನ್ನು ಕಚ್ಚಿ ಹಿಂದಕ್ಕೆ ಎಳೆಯುತ್ತಿದ್ದವು. ಒಂಬತ್ತನೆಯದು ಬಾಯಲ್ಲಿ ಮರಿಹುಳುವನ್ನು ಹಿಡಿದು ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ತಾಗಿಸುತ್ತಿತ್ತು, ನೇಕಾರನ ಲಾಳಿಯಂತೆ. ತನ್ನ ರೇಷ್ಮೆಯನ್ನೆಲ್ಲ ಗೂಡಿಗೆ ಕೊಟ್ಟ ಆ ಮರಿ ಮುಂದೆ ಕೋಶ ಕಟ್ಟುವುದಿಲ್ಲ, ಬರಿಮೈಯಲ್ಲೇ ರೂಪ ಬದಲಿಸುತ್ತದೆ. ಆ ದಿನ ನನಗೆ ಆದ ಸಂತೋಷ ಸಣ್ಣದಲ್ಲ. ಆದರೆ ಜುಲೈ ಮಳೆಯಲ್ಲಿ ಇರುವೆಗಳು ದಾಟದಂತೆ ಕುಂಡದ ಅಂಚಿಗೆ ಹಚ್ಚಿದ ಟಾಲ್ಕಂ ಪೌಡರ್ ಮತ್ತು ಸ್ಪಿರಿಟ್ಟಿನ ಲೇಪ ತೇವ ಹೀರಿ ಉದುರಿತು, ಬಿದ್ದ ಒಂದು ಎಲೆ ತಟ್ಟೆಯ ನೀರಿಗೆ ಸೇತುವೆಯಾಯಿತು, ಚಗಳಿಗಳು ಕಿಟಕಿಯ ಪರದೆಯ ಮಡಿಕೆಯಲ್ಲಿ ಗೂಡು ಹೊಲಿದವು. ಡಿಸೆಂಬರಿನ ಚಳಿಯಲ್ಲಿ ಅವು ಮರಿ ಬೆಳೆಸುವುದನ್ನೇ ನಿಲ್ಲಿಸಿದಾಗ ಕುಂಡವನ್ನು ಮಧ್ಯಾಹ್ನದ ಬಿಸಿಲು ಚೆನ್ನಾಗಿ ಬೀಳುವ ಹಿತ್ತಲಿನ ಪೇರಲೆ ಮರದ ಕೆಳಗಿಟ್ಟೆ. ಅವು ಮರ ಹತ್ತಿದವು. ಅವುಗಳನ್ನು ನಾನು ಈಗ ಸಾಕುತ್ತಿಲ್ಲ, ನೋಡುತ್ತಿದ್ದೇನೆ.

ಡಯಕಾಮಾದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ನಾನು ಅದನ್ನು ಹೆಚ್ಚು ದಿನ ಇಟ್ಟುಕೊಂಡಿರಲಿಲ್ಲ. ಮೈಮೇಲೆ ಬೆರಳಚ್ಚಿನಂತೆ ಗೆರೆಗಳಿರುವ, ಗೂಡಿನ ಬಾಯಿಯಲ್ಲಿ ಗರಿ ಕಡ್ಡಿಗಳನ್ನು ಜೋಡಿಸುವ ಈ ಇರುವೆಯ ಗೂಡಿನಲ್ಲಿ ರಾಣಿಯನ್ನು ಹುಡುಕಿ ಒಂದು ವಾರ ಕಳೆದೆ. ಇದರಲ್ಲಿ ರಾಣಿ ಎಂಬ ಬೇರೆ ಆಕಾರವೇ ಇಲ್ಲ. ಎದೆಯ ಮೇಲೆ ರೆಕ್ಕೆಯ ಕುರುಹಿನಂತಹ ಎರಡು ಸಣ್ಣ ಮೊಗ್ಗುಗಳನ್ನು ಉಳಿಸಿಕೊಂಡ ಒಂದೇ ಒಂದು ಇರುವೆ ಮಿಲನವಾಗಿ ಮೊಟ್ಟೆಯಿಡುತ್ತದೆ. ಹೊಸದಾಗಿ ಹುಟ್ಟಿದವುಗಳ ಮೊಗ್ಗುಗಳನ್ನು ಕಚ್ಚಿ ತೆಗೆಯಲಾಗುತ್ತದೆ, ಹಾಗೆ ಕಳೆದುಕೊಂಡವು ಮುಂದೆಂದೂ ಮಿಲನವಾಗುವುದಿಲ್ಲ. ನಾನು ಹಿಡಿದು ತಂದ ಹನ್ನೆರಡರಲ್ಲಿ ಒಂದಕ್ಕೂ ಮೊಗ್ಗು ಇರಲಿಲ್ಲ. ಲೆನ್ಸಿನಲ್ಲಿ ನೋಡಿ ಖಚಿತಪಡಿಸಿಕೊಂಡ ಸಂಜೆಯೇ ಅವುಗಳನ್ನು ತಂದ ಗೂಡಿನ ಬಾಯಿಗೆ ಮರಳಿ ಬಿಟ್ಟೆ.

ಜಿಗಿಯುವ ಇರುವೆಯ ರಾಣಿ 2021ರ ಬೇಸಿಗೆಯಲ್ಲಿ ಸತ್ತಿತು. ರಾಣಿ ಸತ್ತರೆ ಗೂಡು ಮುಗಿಯಿತೆಂದು ಗೊದ್ದ ಸಾಕುವವರು ತಿಳಿಯುವುದು ಸರಿ. ಇಲ್ಲಿ ಅದು ಸರಿಯಲ್ಲ. ನಾಲ್ಕನೆಯ ದಿನದಿಂದ ಕೆಲಸಗಾರ ಇರುವೆಗಳು ಇಬ್ಬಿಬ್ಬರಾಗಿ ಎದುರು ನಿಂತವು. ಒಂದು ತನ್ನ ಮೀಸೆಗಳಿಂದ ಇನ್ನೊಂದರ ತಲೆಗೆ ಪಟಪಟನೆ ಬಡಿಯುತ್ತಾ ಮುಂದೆ ಸಾಗುವುದು, ಇನ್ನೊಂದು ಹಿಂದೆ ಸರಿಯುವುದು, ಸ್ವಲ್ಪ ಹೊತ್ತಿಗೆ ಸರದಿ ತಿರುಗುವುದು. ಯಾವುದಕ್ಕೂ ಗಾಯವಾಗುತ್ತಿರಲಿಲ್ಲ. ಇದು ಐದು ವಾರ ನಡೆಯಿತು. ಗೆದ್ದ ಕೆಲವು ಇರುವೆಗಳು ಬೇಟೆಗೆ ಹೋಗುವುದನ್ನು ಬಿಟ್ಟು ಮೊಟ್ಟೆಯಿಡತೊಡಗಿದವು. ಆ ವೇಳೆಗೆ ಪೆಟ್ಟಿಗೆಯಲ್ಲಿ ರೆಕ್ಕೆಯಿದ್ದ ಐದಾರು ಗಂಡಿರುವೆಗಳು ಇದ್ದದ್ದು ಅದೃಷ್ಟ, ಇಲ್ಲದಿದ್ದರೆ ಮಿಲನವಿಲ್ಲದೆ ಇಟ್ಟ ಆ ಮೊಟ್ಟೆಗಳಿಂದ ಗಂಡುಗಳು ಮಾತ್ರ ಹುಟ್ಟುತ್ತಿದ್ದವು. ಹೀಗೆ ಪಟ್ಟಕ್ಕೇರಿದ ಕೆಲಸಗಾರ ಇರುವೆಯ ಮಿದುಳು ಸುಮಾರು ಕಾಲುಭಾಗ ಕುಗ್ಗುತ್ತದೆ, ಪಟ್ಟದಿಂದ ಇಳಿಸಿದರೆ ಮತ್ತೆ ಮೊದಲಿನಷ್ಟಾಗುತ್ತದೆ ಎಂದು ಅದೇ ವರ್ಷ ಪ್ರಕಟವಾದ ಸಂಶೋಧನೆಯೊಂದು ತೋರಿಸಿತ್ತು. ಏಳು ತಿಂಗಳು ಬದುಕಬೇಕಾದ ಇರುವೆ ಮೂರು ನಾಲ್ಕು ವರ್ಷ ಬದುಕುತ್ತದೆ. ಕಸಕ್ಕೆ ಹಾಕಲು ಎತ್ತಿಟ್ಟಿದ್ದ ಪೆಟ್ಟಿಗೆಯನ್ನು ಮೇಜಿನ ಮೇಲೆ ಮರಳಿ ಇಟ್ಟು, ಗೆದ್ದವುಗಳ ಬೆನ್ನಿಗೆ ಹುಲ್ಲುಕಡ್ಡಿಯ ತುದಿಯಿಂದ ಬಿಳಿ ಬಣ್ಣದ ಚುಕ್ಕೆ ಇಟ್ಟೆ.

ಮುಂದಿನ ದೀಪಾವಳಿಯ ಹೊತ್ತಿಗೆ ಹೊಟ್ಟಿನ ಮೂಲೆಯಲ್ಲಿ ಒಂಬತ್ತು ಕೋಶಗಳಿದ್ದವು. ಮೊದಲನೆಯದನ್ನು ಬಿಳಿ ಚುಕ್ಕೆ ಇಲ್ಲದ ಒಂದು ಇರುವೆ ದವಡೆಯ ತುದಿಯಿಂದ ಬಿಡಿಸಿತು. ಒಳಗಿನಿಂದ ಬಂದ ಮಸುಕು ಹಳದಿಯ ಹೊಸ ಇರುವೆ ಹೆಣ್ಣಾಗಿತ್ತು. ಖಾಲಿಯಾದ ಕೋಶವನ್ನು ಅವು ಕಸಕ್ಕೆ ಒಯ್ಯಲಿಲ್ಲ. ಚೂರು ಚೂರಾಗಿ ಹರಿದು, ನನ್ನ ಪ್ಲಾಸ್ಟರಿನ ಗೋಡೆಗೆ ಒತ್ತಿ ಅಂಟಿಸಿದವು.