ಲಿಬ್ರೆಆಫೀಸ್‌ನಲ್ಲಿ ಕನ್ನಡ ಅಕ್ಷರ ಕೆಟ್ಟರೆ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು?

ಲಿಬ್ರೆಆಫೀಸ್ ರೈಟರ್‌ನಲ್ಲಿ ಒತ್ತಕ್ಷರಗಳು ಮುರಿದು ಕಾಣಿಸಿದಾಗ ಕರೆ ಮಾಡಿ ದೂರು ಹೇಳಲು ಗ್ರಾಹಕ ಸೇವಾ ಕೇಂದ್ರವೊಂದು ಇರುವುದಿಲ್ಲ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಈ ಮುಕ್ತ ಕಚೇರಿ ತಂತ್ರಾಂಶವನ್ನು (ರೈಟರ್ ಅದರ ಬರವಣಿಗೆಯ ಭಾಗ) ಡಾಕ್ಯುಮೆಂಟ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ಪೋಷಿಸುತ್ತಿದೆ. ಬಳಕೆದಾರರ ಪ್ರಶ್ನೆಗಳಿಗೆ ಉತ್ತರಿಸುವವರು ಹೆಚ್ಚಾಗಿ ಸ್ವಯಂಸೇವಕರು. ಅವರಿಗೆ ಕನ್ನಡ ಓದಲು ಬರುತ್ತದೆಂದು ಭಾವಿಸುವಂತಿಲ್ಲ. ಆದ್ದರಿಂದ ನಮಗೆ ಕಂಡ ದೋಷ ಅವರ ಕಂಪ್ಯೂಟರಿನಲ್ಲಿಯೂ ಕಾಣುವಂತೆ ಮಾಡಿಕೊಡುವುದೇ ಕೇಳುವವರ ಮುಖ್ಯ ಕೆಲಸ.

ಮೊದಲು, ಅದು ನಿಜವಾಗಿಯೂ ದೋಷವೇ ಎಂದು ನೋಡಬೇಕು. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಜಾಗತಿಕ ಸಂಕೇತ ಪದ್ಧತಿ) ಅಲ್ಲದ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣಿಸುತ್ತದೆ. ಅದಕ್ಕೆ ಬೇಕಾಗಿರುವುದು ಯೂನಿಕೋಡ್ ಪರಿವರ್ತಕ. ಹಾಗೆಯೇ ‘ರ‍್ಯಾಂಕ್’ ಎಂದು ಬರೆಯಲು ಹೊರಟಾಗ ಅರ್ಕಾವತ್ತು ಬಂದರೆ, ರಕಾರಕ್ಕೂ ಹಲಂತಕ್ಕೂ ನಡುವೆ ಇರಬೇಕಾದ ಕಣ್ಣಿಗೆ ಕಾಣದ ಜೋಡಕ ಸಂಕೇತ (ZWJ) ಬಿಟ್ಟುಹೋಗಿದೆ ಎಂದರ್ಥ. ಇವೆರಡನ್ನೂ ದೋಷವೆಂದು ವರದಿ ಮಾಡಿದರೆ ಎಲ್ಲರ ಸಮಯವೂ ವ್ಯರ್ಥ.

ಇವೆರಡೂ ಅಲ್ಲವೆಂದಾದರೆ ತಪ್ಪು ಎಲ್ಲಿದೆ ಎಂಬುದನ್ನು ಹುಡುಕಬೇಕು. ತೊಂದರೆ ಕೊಡುತ್ತಿರುವ ಒಂದೇ ಪದವನ್ನು ಹೊಸ ಕಡತದಲ್ಲಿ ಬರೆದು, ಫಾಂಟನ್ನು ನೋಟೋ ಸಾನ್ಸ್ ಕನ್ನಡದಿಂದ ಲೋಹಿತ್ ಕನ್ನಡಕ್ಕೆ ಬದಲಾಯಿಸಿ ನೋಡಿ. ಅನಂತರ ಅದೇ ಪದವನ್ನು, ತೊಂದರೆ ಕೊಟ್ಟ ಫಾಂಟಿನಲ್ಲಿಯೇ ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ನೋಡಿ. 2017ರ 5.3 ಆವೃತ್ತಿಯಿಂದ ಲಿಬ್ರೆಆಫೀಸ್ ಅಕ್ಷರಗಳನ್ನು ಜೋಡಿಸಲು ಬಳಸುತ್ತಿರುವ ಹಾರ್ಫ್‌ಬಜ್ ಎಂಬ ತಂತ್ರಾಂಶವನ್ನೇ ಫೈರ್‌ಫಾಕ್ಸ್ ಕೂಡ ಬಳಸುವುದರಿಂದ, ಎರಡರಲ್ಲಿಯೂ ಅಕ್ಷರ ಕೆಟ್ಟಿದ್ದರೆ ಫಾಂಟನ್ನೋ ಹಾರ್ಫ್‌ಬಜ್ಜನ್ನೋ ಸಂಶಯಿಸಬೇಕು. ರೈಟರ್‌ನಲ್ಲಿ ಮಾತ್ರ ಕೆಟ್ಟಿದ್ದರೆ ಲಿಬ್ರೆಆಫೀಸನ್ನೇ ಸಂಶಯಿಸಬಹುದು. ಹೆಲ್ಪ್ ಮೆನುವಿನಿಂದ ಸೇಫ್ ಮೋಡ್‌ನಲ್ಲಿ (ನಿಮ್ಮ ಬದಲಾವಣೆಗಳನ್ನು ಬದಿಗಿಟ್ಟು ತೆರೆಯುವ ಸ್ಥಿತಿ) ಮತ್ತೆ ಆರಂಭಿಸಿದಾಗ ತೊಂದರೆ ಮಾಯವಾದರೆ ನಿಮ್ಮದೇ ಸೆಟ್ಟಿಂಗ್ ಅಥವಾ ಎಕ್ಸ್‌ಟೆನ್ಶನ್ ಕಾರಣ. ಬೇಸರದ ಕೆಲಸವೇ ಸರಿ, ಆದರೆ ಎಷ್ಟೋ ಪ್ರಶ್ನೆಗಳಿಗೆ ಇಲ್ಲಿಯೇ ಉತ್ತರ ಸಿಕ್ಕಿಬಿಡುತ್ತದೆ.

ಆಮೇಲೆ ಹಳೆಯ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಹುಡುಕಿ. ಸಿಗದಿದ್ದರೆ ‘ಆಸ್ಕ್ ಲಿಬ್ರೆಆಫೀಸ್’ ತಾಣದಲ್ಲಿ ಕೇಳಬಹುದು. ಸರಳ ಇಂಗ್ಲಿಷ್ ಸಾಕು, ವ್ಯಾಕರಣದ ಬಗ್ಗೆ ಅಳುಕು ಬೇಡ. ‘ಕನ್ನಡ ಸಮಸ್ಯೆ, ಅರ್ಜೆಂಟ್’ ಎಂಬ ಶೀರ್ಷಿಕೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನಮ್ಮ ಅವಸರ ಉತ್ತರಿಸುವವರ ಅವಸರವೂ ಅಲ್ಲ. ‘ಉಬುಂಟು 24.04: ಪಿಡಿಎಫ್ ಮಾಡಿದಾಗ ಲೋಹಿತ್ ಕನ್ನಡದಲ್ಲಿ ಅರ್ಕಾವತ್ತು ಸ್ಥಳ ತಪ್ಪುತ್ತದೆ’ ಎಂದಿದ್ದರೆ ಬಲ್ಲವರು ನಿಂತು ಓದುತ್ತಾರೆ. ವಿವರಣೆಯಲ್ಲಿ ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬುದನ್ನು ಇದೇ ಕ್ರಮದಲ್ಲಿ ಹೇಳಿ. ಅಬೌಟ್ ಕಿಟಕಿಯಲ್ಲಿರುವ ಆವೃತ್ತಿಯ ವಿವರವನ್ನು ನಕಲಿಸಿ ಅಂಟಿಸಿ. ಒಂದೇ ಪದವಿರುವ ಆ ಕಡತದ ಜೊತೆಗೆ, ಸರಿಯಾದ ಮತ್ತು ಕೆಟ್ಟ ರೂಪಗಳ ಚಿತ್ರಗಳನ್ನು ತಪ್ಪಿರುವ ಜಾಗಕ್ಕೆ ಸುತ್ತುಹಾಕಿ ಸೇರಿಸಿ. ಕನ್ನಡ ಬಾರದವರಿಗೆ ವ್ಯತ್ಯಾಸ ತಿಳಿಯಲು ಬೇರೆ ದಾರಿಯಿಲ್ಲ. ಮೆನು ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಬದಲಾಯಿಸಿಕೊಂಡು, ಒತ್ತಿದ ಆಯ್ಕೆಗಳ ಹೆಸರನ್ನು ಅಲ್ಲಿದ್ದಂತೆಯೇ ಬರೆಯಿರಿ.

ಕಚೇರಿಯ ಅಸಲಿ ಕಡತವನ್ನು ಎಂದಿಗೂ ಲಗತ್ತಿಸಬೇಡಿ. ಅಲ್ಲಿ ಹಾಕಿದ್ದು ಜಗತ್ತಿಗೆಲ್ಲ ಕಾಣುತ್ತದೆ. ಆಧಾರ್ ಸಂಖ್ಯೆ, ವಿಳಾಸಗಳಷ್ಟೇ ಅಲ್ಲ, ಕಡತದ ಪ್ರಾಪರ್ಟೀಸ್‌ನಲ್ಲಿ ಬರೆದವರ ಹೆಸರೂ ಅಡಗಿರಬಹುದು.

ಒಂದೇ ಪ್ರಶ್ನೆಯನ್ನು ನಾಲ್ಕು ಕಡೆ ಹಾಕುವುದು ಶಿಷ್ಟಾಚಾರವಲ್ಲ. ಬೇರೆಡೆ ಕೇಳಲೇಬೇಕಾದರೆ ಮೊದಲಿನ ಪ್ರಶ್ನೆಯ ಕೊಂಡಿಯನ್ನು ಕೊಡಿ. ಇತರರಿಗೂ ಅದೇ ತೊಂದರೆ ಕಂಡುಬಂದರೆ ಲಿಬ್ರೆಆಫೀಸ್‌ನ ದೋಷ ದಾಖಲಿಸುವ ತಾಣವಾದ ಬಗ್‌ಜಿಲ್ಲಾದಲ್ಲಿ ವರದಿ ದಾಖಲಿಸಬೇಕು. ಅಲ್ಲಿ ನಿಮ್ಮ ವರದಿಯ ಸ್ಥಿತಿ ‘ನೀಡ್‌ಇನ್ಫೋ’ ಎಂದಾದರೆ, ಇನ್ನಷ್ಟು ಮಾಹಿತಿಗಾಗಿ ನಿಮ್ಮನ್ನೇ ಕಾಯುತ್ತಿದ್ದಾರೆ ಎಂದರ್ಥ. ಸುಮ್ಮನಿದ್ದರೆ ಕೊನೆಗೆ ವರದಿಯನ್ನು ಮುಚ್ಚಿಬಿಡುತ್ತಾರೆ. ಹೊಸ ಆವೃತ್ತಿಯಲ್ಲಿ ಪರೀಕ್ಷಿಸಿ ಎಂದು ಕೇಳಿದರೆ ಪರೀಕ್ಷಿಸಿ ಫಲಿತಾಂಶ ತಿಳಿಸಬೇಕು. ತಪ್ಪು ಫಾಂಟಿನದೆಂದು ಖಚಿತವಾದರೆ ವರದಿ ಹೋಗಬೇಕಾದದ್ದು ಆ ಫಾಂಟ್ ರೂಪಿಸಿದವರಿಗೆ. ನೋಟೋ ಫಾಂಟ್‌ಗಳಾದರೆ ತಂತ್ರಾಂಶ ರೂಪಿಸುವವರ ತಾಣವಾದ ಗಿಟ್‌ಹಬ್‌ನಲ್ಲಿ ಅದಕ್ಕೆ ಜಾಗವಿದೆ; ಅಲ್ಲಿ ಬರೆಯುವಾಗ ಬಗ್‌ಜಿಲ್ಲಾದ ವರದಿ ಸಂಖ್ಯೆಯನ್ನೂ ನಮೂದಿಸಿದರೆ ಅದುವರೆಗೆ ನಡೆದ ಚರ್ಚೆಯನ್ನು ಮತ್ತೆ ವಿವರಿಸಬೇಕಾಗುವುದಿಲ್ಲ.