ಜರ್ಮನ್ ವ್ಯಾಕರಣಕ್ಕೆ ಮಿಶ್ರಛಾಪು ತಾಳ

ಮಗ್ಗಿಯನ್ನು ನಾವ್ಯಾರೂ ಕಣ್ಣಲ್ಲಿ ಓದಿ ಕಲಿತವರಲ್ಲ. ‘ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು’ ಎಂದು ಸಂಜೆ ಹೊತ್ತು ರಾಗವಾಗಿ ಕೂಗಿ ಕಲಿತವರು. ಎಷ್ಟು ವರ್ಷವಾದರೂ ಅದು ಬಾಯಲ್ಲಿದೆ. ಅದೇ ನಾವು ಜರ್ಮನ್ ಕಲಿಯಲು ಕೂತರೆ ನೋಟ್‌ಬುಕ್‌ನಲ್ಲಿ ಪದಪಟ್ಟಿ ಬರೆದು ಕಣ್ಣಾಡಿಸುತ್ತೇವೆ. ಮನೆಯಲ್ಲಿ ನಾಲ್ಕಾರು ಮಂದಿಗೆ ಜರ್ಮನ್ ಹೇಳಿಕೊಡುವ ನಾನು ಪಟ್ಟಿ ಬರೆಸುವುದನ್ನು ಬಿಟ್ಟು ತಾಳ ಹಾಕಿಸುತ್ತಿದ್ದೇನೆ.

ಇದು ಬರೀ ನಂಬಿಕೆಯ ಮಾತಲ್ಲ. ಎಡಿನ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು 60 ಮಂದಿಗೆ, ಅವರಿಗೆ ಗೊತ್ತೇ ಇಲ್ಲದ ಹಂಗೇರಿಯನ್ ಮಾತುಗಳನ್ನು 15 ನಿಮಿಷ ಕಲಿಸಿದರು. ಒಂದು ಗುಂಪು ಮಾತಿನಂತೆ, ಇನ್ನೊಂದು ಲಯಕ್ಕೆ, ಮತ್ತೊಂದು ಹಾಡಿ ಕಲಿಯಿತು. ಮರಳಿ ಹಂಗೇರಿಯನ್‌ನಲ್ಲೇ ಹೇಳಿ ಎಂದಾಗ ಹಾಡಿದವರೇ ಮುಂದಿದ್ದರು. ಫಲಿತಾಂಶ ಪ್ರಕಟವಾದದ್ದು 2013ರಲ್ಲಿ.

ಹಾಗೆಂದು ಶುರುವಿಗೇ ಜರ್ಮನ್ ಸಿನಿಮಾ ಹಾಡು ಹುಡುಕಬೇಡಿ. ಹಾಡಿನಲ್ಲಿ ಪದ ಎಳೆದಾಡುತ್ತದೆ, ಉಚ್ಚಾರ ತಿರುಚುತ್ತದೆ. ವ್ಯಾಕರಣ ಎಲ್ಲಿ ಕಾಡುತ್ತದೋ ಅಲ್ಲಿಗೇ ತಾಳ ಹಾಕಿ.

ಔಸ್, ಬೈ, ಮಿಟ್, ನಾಖ್, ಜೈಟ್, ಫೊನ್, ತ್ಸು. ‘ಇಂದ’, ‘ಜೊತೆ’ ಥರದ ಈ ಏಳು ಪದಗಳ ನಂತರ ಬರುವ ನಾಮಪದ ಚತುರ್ಥಿ ವಿಭಕ್ತಿಯಲ್ಲೇ ಇರಬೇಕು. ಪುಲ್ಲಿಂಗದ ‘ಡೇರ್ ಬುಸ್’ ಇದ್ದದ್ದು ‘ಮಿಟ್ ಡೇಮ್ ಬುಸ್’ ಆಗುತ್ತದೆ, ಸ್ತ್ರೀಲಿಂಗದ ‘ಡೀ ಮೆಟ್ರೊ’ ಇದ್ದದ್ದು ‘ಮಿಟ್ ಡೇರ್ ಮೆಟ್ರೊ’. ಏಳೂ ಒಂದೊಂದೇ ಏಟಿಗೆ ಕೂರುವ ಪದಗಳು. ಹಾಗಾಗಿ ತಕಿಟ ತಕಧಿಮಿ ಎಂದು, ಕರ್ನಾಟಕ ಸಂಗೀತದ ಏಳೇಟಿನ ಮಿಶ್ರಛಾಪು ತಾಳ ಹಾಕಿ: ಔಸ್-ಬೈ-ಮಿಟ್, ನಾಖ್-ಜೈಟ್-ಫೊನ್-ತ್ಸು. ದ್ವಿತೀಯಾ ವಿಭಕ್ತಿ ಕೇಳುವ ಗುಂಪು ಬೇರೆ: ದುರ್ಶ್, ಫ್ಯೂರ್, ಗೇಗೆನ್, ಓನೆ, ಉಮ್. ಪದ ಐದಾದರೂ ಏಟು ಇಲ್ಲೂ ಏಳೇ! ಆದರೆ ತಕಧಿಮಿ ತಕಿಟ ಎಂದು ತಿರುಗಿಸಿ ವಿಲೋಮ ಛಾಪು ಹಾಕಬೇಕು: ದುರ್ಶ್-ಫ್ಯೂರ್-ಗೇ-ಗೆನ್, ಓ-ನೆ-ಉಮ್. ಒಂದು ಗುಂಪು ಮೂರು-ನಾಲ್ಕು, ಇನ್ನೊಂದು ನಾಲ್ಕು-ಮೂರು. ಪರೀಕ್ಷೆಯಲ್ಲಿ ‘ಓನೆ’ ಯಾವ ಗುಂಪಿನದೆಂದು ಅನುಮಾನ ಬಂದರೆ ಬೆಂಚಿನ ಕೆಳಗೆ ಕೈಯೇ ಉತ್ತರ ಹೇಳುತ್ತದೆ. ಈ ಹೊಂದಿಕೆ ಮೊದಲ ಸಲ ಕಂಡ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸಂಗೀತದ ಮೊದಲ ಪಾಠವಾದ ಸರಳೆ ವರಸೆಯಂತೆ ಮೂರು ಕಾಲದಲ್ಲೂ, ಅಂದರೆ ನಿಧಾನ, ಇಮ್ಮಡಿ, ನಾಲ್ಮಡಿ ವೇಗದಲ್ಲಿ ಹೇಳಿ. ಮೂರನೇ ಕಾಲದಲ್ಲಿ ನಾಲಿಗೆ ತೊಡರಿದರೆ ಎರಡನೆಯದಕ್ಕೆ ಇಳಿಯಿರಿ.

ಇನ್ನು ಲಿಂಗದ ಕಾಟ. ಕನ್ನಡದಲ್ಲಿ ಚಮಚ, ಚಾಕು ಎಲ್ಲವೂ ‘ಅದು’. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಇದಕ್ಕೆ ತಾಳ ಸಾಲದು, ಜಾಗ ಬೇಕು. ನೆನಪಿಡಬೇಕಾದ್ದನ್ನು ಪರಿಚಿತ ಜಾಗಗಳಲ್ಲಿ ಇಡುವ ಉಪಾಯವನ್ನು ರೋಮಿನ ವಾಗ್ಮಿ ಸಿಸೆರೊ ಎರಡು ಸಾವಿರ ವರ್ಷಗಳ ಹಿಂದೆಯೇ ವಿವರಿಸಿದ್ದಾನೆ. ನಮಗೆ ಬೆಂಗಳೂರೇ ಇದೆಯಲ್ಲ! ಪುಲ್ಲಿಂಗ ಪದಗಳೆಲ್ಲ ಮೆಜೆಸ್ಟಿಕ್‌ಗೆ, ಸ್ತ್ರೀಲಿಂಗದವು ಗಾಂಧಿ ಬಜಾರಿಗೆ, ನಪುಂಸಕದವು ಕಬ್ಬನ್ ಪಾರ್ಕಿಗೆ. ‘ಲೋಫೆಲ್’ ಅಂದರೆ ಚಮಚ: ಮೆಜೆಸ್ಟಿಕ್‌ನಲ್ಲಿ ಕಂಡಕ್ಟರ್ ಚಮಚದಲ್ಲಿ ಟಿಕೆಟ್ ನೀಡುತ್ತಿದ್ದಾನೆ, ಎದುರಿನ ಲೋಫರ್ ದುಡ್ಡು ಕೊಡುತ್ತಿಲ್ಲ. ‘ಗಾಬೆಲ್’ ಅಂದರೆ ಫೋರ್ಕ್: ಗಾಂಧಿ ಬಜಾರಿನ ಹೂವಾಡಗಿತ್ತಿ ಮಲ್ಲಿಗೆಯನ್ನು ಫೋರ್ಕಿನಲ್ಲಿ ಚುಚ್ಚಿ ಕೊಟ್ಟಾಗ ನಿಮಗೆ ಗಾಬರಿ. ‘ಮೆಸ್ಸರ್’ ಅಂದರೆ ಚಾಕು: ಕಬ್ಬನ್ ಪಾರ್ಕಿನ ಬಿದಿರು ಮೆಳೆಯ ಕೆಳಗೆ ಮೆಸ್ ತೆರೆದವನು ಈರುಳ್ಳಿ ಹೆಚ್ಚುತ್ತಿದ್ದಾನೆ. ಚಿತ್ರವನ್ನು ನೀವೇ ಕಟ್ಟಿ, ನನ್ನದನ್ನು ಎರವಲು ಪಡೆದರೆ ಅಷ್ಟು ಅಂಟುವುದಿಲ್ಲ.

ಕಲಿತದ್ದು ಬೇಗ ಜಾರುತ್ತದೆಂದು ಜರ್ಮನ್ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದಾರೆ. ಅದಕ್ಕೇ ಚಪ್ಪಲಿ ಡಬ್ಬಿಯಲ್ಲಿ ರಟ್ಟಿನಿಂದ ನಾಲ್ಕು ಅಂಕಣ ಮಾಡಿ, ಪದಗಳ ಚೀಟಿ ಹಾಕಿ. ಸರಿ ಹೇಳಿದರೆ ಚೀಟಿ ಮುಂದಿನ ಅಂಕಣಕ್ಕೆ, ತಪ್ಪಿದರೆ ಮೊದಲಿನದಕ್ಕೆ. ಮೊದಲಿನದನ್ನು ದಿನವೂ, ಕೊನೆಯದನ್ನು ಹದಿನೈದು ದಿನಕ್ಕೊಮ್ಮೆ ನೋಡಿದರಾಯಿತು.

ಒಂದು ಅಪಾಯವಿದೆ. ಏಳೆಂಟ್ಲಿ ಎಷ್ಟು ಎಂದರೆ ಏಳೊಂದ್ಲಿಯಿಂದ ಶುರು ಮಾಡುವ ಮಕ್ಕಳಿರುತ್ತಾರಲ್ಲ, ನರ್ಸಿಂಗ್ ಮುಗಿಸಿ ನನ್ನಲ್ಲಿಗೆ ಬರುವ ಹುಡುಗಿಯೊಬ್ಬಳು ‘ತ್ಸು’ ಎಂದರೆ ಸಾಕು, ತೊಡೆ ತಟ್ಟಿಕೊಂಡು ಔಸ್‌ನಿಂದ ಹೊರಡುತ್ತಿದ್ದಳು. ಮಾತುಕತೆಯಲ್ಲಿ ಅಷ್ಟು ಹೊತ್ತು ಯಾರು ಕಾಯುತ್ತಾರೆ? ಹಾಗಾಗಿ ಎರಡನೇ ವಾರದಿಂದ ನಡುವಿನಿಂದ ಎತ್ತಿಕೊಳ್ಳಿ: ಜೈಟ್‌ನಿಂದ, ಆಮೇಲೆ ಮಿಟ್‌ನಿಂದ. ಮೂರನೇ ವಾರ ಕೈ ಕಟ್ಟಿ ಕೂತು, ತಾಳವಿಲ್ಲದೆ, ಮಾತಿನ ಧಾಟಿಯಲ್ಲೇ ಹೇಳಿ: ‘ಇಶ್ ಫಾರೆ ಮಿಟ್ ಡೇರ್ ಮೆಟ್ರೊ.’ ನಾನು ಮೆಟ್ರೊದಲ್ಲಿ ಹೋಗುತ್ತೇನೆ.